ಹೆಲೆನ್ ಕೆಲರ್ ಸಿಟ್ಟು ಇಳಿದದ್ದು ಹೇಗೆ? ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವ ಭಾಗ

ಹೆಲೆನ್ ಕೆಲರ್ ಬಗ್ಗೆ ಬರುವ ವಾಟ್ಸ್‌ಆ್ಯಪ್ ಸಂದೇಶಗಳನ್ನು ನಾವೆಲ್ಲ ಓದಿದ್ದೇವೆ. ಹುಟ್ಟಿನಿಂದಲೇ ಕಣ್ಣು ಕಾಣದ, ಕಿವಿ ಕೇಳದ ಹುಡುಗಿ. ಒಂದು ದಿನ ಕೈ ಮೇಲೆ ನೀರು ಬಿತ್ತು, ಬದುಕು ಬದಲಾಯಿತು. ಇದು ಪೂರ್ತಿ ನಿಜವಲ್ಲ.

1880ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಂಬಿಯಾದಲ್ಲಿ ಹುಟ್ಟಿದಾಗ ಹೆಲೆನ್‌ಗೆ ಕಣ್ಣು, ಕಿವಿ ಎರಡೂ ಸರಿಯಾಗಿದ್ದವು. 19 ತಿಂಗಳ ಮಗುವಾಗಿದ್ದಾಗ ಬಂದ ಕಾಯಿಲೆ ಎರಡನ್ನೂ ಕಿತ್ತುಕೊಂಡಿತು. ಬ್ರೆಡ್ ಬೇಕಾದರೆ ಕತ್ತರಿಸಿ ಬೆಣ್ಣೆ ಸವರುವಂತೆ ಕೈಯಾಡಿಸುವುದು, ಹೀಗೆ ತನ್ನದೇ ಸನ್ನೆಗಳನ್ನು ಅವಳು ಕಟ್ಟಿಕೊಂಡಳು. ಬೆಳೆದಂತೆ ಹೇಳಬೇಕಾದದ್ದು ಹೆಚ್ಚಾಯಿತು, ಸನ್ನೆಗಳು ಸಾಲಲಿಲ್ಲ. ಆಗ ಶುರುವಾಯಿತು ಸಿಟ್ಟು. ದಿನಕ್ಕೊಮ್ಮೆ, ಕೆಲವೊಮ್ಮೆ ಗಂಟೆಗೊಮ್ಮೆ ರಂಪ. ಅಮ್ಮನನ್ನು ಉಗ್ರಾಣದಲ್ಲಿ ಕೂಡಿಹಾಕಿ ಬೀಗ ಹಾಕಿದಳು. ಪುಟ್ಟ ತಂಗಿ ಮಲಗಿದ್ದ ತೊಟ್ಟಿಲನ್ನೇ ಮಗುಚಿದಳು.

1887ರ ಮಾರ್ಚ್ 3ರಂದು ಶಿಕ್ಷಕಿ ಆನ್ ಸಲಿವನ್ ಬಂದರು. ಅವರಿಗೆ ಆಗ ಬರೀ 20 ವರ್ಷ, ದೃಷ್ಟಿಯೂ ಮಂದ. ಊಟದ ಮೇಜಿನಲ್ಲೇ ಇಬ್ಬರಿಗೂ ಜಟಾಪಟಿ. ಆನ್ ಹುಡುಗಿಯನ್ನು ಹತ್ತಿರದ ಪುಟ್ಟ ಮನೆಗೆ ಕರೆದೊಯ್ದು ಸುಮಾರು ಎರಡು ವಾರ ಜೊತೆಗಿದ್ದರು. ಕಟ್ಟುನಿಟ್ಟಾಗಿಯೇ ಇದ್ದರು. ಹೆಲೆನ್ ಮಾತು ಕೇಳತೊಡಗಿದಳು. ಆದರೆ ಆನ್ ತನ್ನ ಅಂಗೈಯಲ್ಲಿ ಬೆರಳಿನಿಂದ ಮೂಡಿಸುವ ಅಕ್ಷರಗಳಿಗೆ ಅರ್ಥವಿದೆ ಎಂಬುದು ಅವಳಿಗೆ ಇನ್ನೂ ಹೊಳೆದಿರಲಿಲ್ಲ.

ಏಪ್ರಿಲ್ 5ರಂದು ಪಾಠ ಅರ್ಥವಾಗದೆ ರೇಗಿ ಹೊಸ ಗೊಂಬೆಯನ್ನು ನೆಲಕ್ಕೆ ಅಪ್ಪಳಿಸಿದಳು. ಒಡೆದದ್ದಕ್ಕೆ ಬೇಸರವೇನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಪಂಪಿನ ನೀರು ಒಂದು ಕೈ ಮೇಲೆ ಸುರಿಯುತ್ತಿರುವಾಗ, ಇನ್ನೊಂದು ಅಂಗೈಯಲ್ಲಿ ಆನ್ ನೀರು ಎಂಬ ಪದ ಮೂಡಿಸಿದರು. ಪ್ರತಿಯೊಂದಕ್ಕೂ ಹೆಸರಿದೆ ಎಂದು ಆಗ ತಿಳಿಯಿತು. ಫಾರ್ವರ್ಡ್‌ಗಳು ಇಲ್ಲಿಗೇ ನಿಲ್ಲುತ್ತವೆ. ಮುಂದಿನದು ಇನ್ನೂ ದೊಡ್ಡದು: ಮನೆಯೊಳಗೆ ಬಂದ ಹೆಲೆನ್ ಗೊಂಬೆಯ ಚೂರುಗಳನ್ನು ಹುಡುಕಿ ಜೋಡಿಸಲು ನೋಡಿದಳು. ಆಗಲಿಲ್ಲ, ಅತ್ತಳು. ಪಶ್ಚಾತ್ತಾಪ ಎಂಬುದು ಅವಳಿಗೆ ಗೊತ್ತಾದದ್ದು ಅಂದೇ ಮೊದಲು.

ಕಟ್ಟುನಿಟ್ಟು ಮಾತು ಕೇಳುವುದನ್ನು ಕಲಿಸಿತ್ತು. ತಪ್ಪಿನ ಅರಿವು ಬಂದದ್ದು ಭಾಷೆಯ ಜೊತೆಗೆ. ಅದೇ ಹುಡುಗಿ 1904ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜಿನಲ್ಲಿ ಪದವಿ ಪಡೆದಳು. ಆನ್ 1936ರಲ್ಲಿ ತೀರಿಕೊಳ್ಳುವವರೆಗೂ ಅವಳ ಜೊತೆಗಿದ್ದರು. ಹಾಗಾಗಿ ಇದು ಒಂದು ದಿನದ ಪವಾಡವಲ್ಲ.

ಹೆಲೆನ್‌ಗಿದ್ದ ತೊಂದರೆ ಬೇರೆ, ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆ ಬೇರೆ. ಆದರೂ ಓದಲು ಬಾರದೆ ಪುಸ್ತಕ ಎಸೆಯುವ ಮಗುವನ್ನು ಹಠಮಾರಿ ಎಂದು ಕರೆಯುವ ಮೊದಲು, ನಾಲ್ಕು ಬಿಗಿದರೆ ಸರಿಹೋಗುತ್ತದೆ ಎನ್ನುವ ಮೊದಲು, ಅದಕ್ಕೆ ಹೇಳಲಾಗದೆ ಉಳಿದಿರುವುದು ಏನು ಎಂದು ನಾವು ಕೇಳಿಕೊಳ್ಳಬಹುದು. ಸಿಟ್ಟು ಇಳಿದ ಮೇಲೆ ಪಕ್ಕದಲ್ಲಿ ಕೂತು, ಎಲ್ಲಿ ಕಷ್ಟವಾಯಿತು ಎಂದು ವಿಚಾರಿಸಬಹುದು. ಹೆಲೆನ್ ಕಥೆಯನ್ನು ಮತ್ತೆ ಫಾರ್ವರ್ಡ್ ಮಾಡುವಾಗ ಆ ಗೊಂಬೆಯ ವಿಷಯವನ್ನೂ ಸೇರಿಸೋಣ.