ಸವಣೂರಿನಿಂದ ಸಮುದ್ರದಾಚೆಗೆ ಹೋದ ಗೋಕಾಕರು

ಹಿಡಕಲ್ಲಿನವರಾದ ನಮಗೆ ಗೋಕಾಕ ಎಂದರೆ ಮೊದಲು ಫಾಲ್ಸ್, ಆಮೇಲೆ ಕರದಂಟು, ಅದರ ನಂತರ ಗೋಕಾಕ ಚಳವಳಿ. ಆ ಚಳವಳಿಗೆ ಹೆಸರು ಬಂದದ್ದು ಊರಿನಿಂದಲ್ಲ, ಒಬ್ಬ ಮನುಷ್ಯರಿಂದ. ಅವರು ದೊಡ್ಡ ಕವಿ ಎಂಬುದು ಎಲ್ಲರಿಗೂ ಗೊತ್ತು. ಹಡಗು ಹತ್ತಿ ಯುರೋಪಿಗೆ ಹೋಗಿ ಬಂದ ಅವರು ಮುಂದೆ ಪ್ರೀತಿ, ಮದುವೆಗಳ ಕಾದಂಬರಿಯೊಳಗೂ ಸಮುದ್ರಯಾನವನ್ನು ತಂದರು ಎಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ.

ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು 1909ರ ಆಗಸ್ಟ್ 9ರಂದು, ಸವಣೂರಿನಲ್ಲಿ. ತಂದೆ ಕೃಷ್ಣರಾಯರು, ತಾಯಿ ಸುಂದರಾಬಾಯಿ. ಸವಣೂರು ಆಗ ನವಾಬರ ಸಂಸ್ಥಾನ. ಗೋಕಾಕರು ಓದಿದ್ದು ಅಲ್ಲಿಯ ಮಜೀದ್ ಹೈಸ್ಕೂಲಿನಲ್ಲಿ. ಕನ್ನಡಕ್ಕೆ ಐದನೆಯ ಜ್ಞಾನಪೀಠ ತಂದವರು ನವಾಬರ ಊರಿನ ಶಾಲೆಯ ಹುಡುಗ ಎಂಬುದು ನಮ್ಮ ಕಾಲೇಜಿನವರಿಗಾದರೂ ಗೊತ್ತಿರಬೇಕು.

ಮುಂದೆ ಧಾರವಾಡದ ಕರ್ನಾಟಕ ಕಾಲೇಜು. ಅಲ್ಲಿದ್ದಾಗ ಅವರು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ಅವರನ್ನು ಕನ್ನಡದ ಕಡೆಗೆ ತಿರುಗಿಸಿದವರು ದ. ರಾ. ಬೇಂದ್ರೆ. ಬೇಂದ್ರೆಯವರ ಮನೆಮಾತು ಮರಾಠಿ. ಮನೆಯಲ್ಲಿ ಮರಾಠಿ ಮಾತಾಡುವವರು ಇಂಗ್ಲಿಷಿನಲ್ಲಿ ಬರೆಯುವವರನ್ನು ಕನ್ನಡಕ್ಕೆ ಕರೆತಂದರು. ಮನೆಯಲ್ಲಿ ಉರ್ದು ಮಾತಾಡಿ, ಕನ್ನಡದಲ್ಲಿ ಇದನ್ನು ಬರೆಯುತ್ತಿರುವ ನನಗೆ ಇದು ಬಹಳ ಧೈರ್ಯ ಕೊಡುವ ವಿಷಯ. ಅವರ ಕಾವ್ಯನಾಮ ವಿನಾಯಕ.

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರು 1936ರಲ್ಲಿ ಆಕ್ಸ್‌ಫರ್ಡಿಗೆ ಹೊರಟರು. ಆಗಿನ ಪ್ರಯಾಣ ಎಂದರೆ ಹಡಗು. ಅರಬ್ಬೀ ಸಮುದ್ರ, ಕೆಂಪು ಸಮುದ್ರ, ಸುಯೆಜ್ ಕಾಲುವೆ, ಮೆಡಿಟರೇನಿಯನ್, ಹೀಗೆ ದಿನಗಟ್ಟಲೆ ನೀರಿನ ಮೇಲೆಯೇ ಇರಬೇಕು. ಈ ದಾರಿಯ ಅರ್ಧ ನಮ್ಮ ಹಿರಿಯರಿಗೂ ಗೊತ್ತಿದ್ದದ್ದೇ. ಮುಂಬಯಿಯಿಂದ ಹಜ್‌ಗೆ ಹೊರಟ ಹಡಗುಗಳೂ ಅದೇ ಕೆಂಪು ಸಮುದ್ರಕ್ಕೆ ಬಂದು ಜಿದ್ದಾದಲ್ಲಿ ನಿಲ್ಲುತ್ತಿದ್ದವು. ಯುರೋಪಿಗೆ ಹೋಗುವವರು ಇನ್ನೂ ಮುಂದಕ್ಕೆ ಹೋಗುತ್ತಿದ್ದರು, ಅಷ್ಟೇ.

ಗೋಕಾಕರು 1938ರಲ್ಲಿ ಮರಳಿದರು. ಈ ಒಂದು ಪ್ರಯಾಣದಿಂದ ಅವರು ಎಷ್ಟು ಬೆಳೆ ತೆಗೆದರು ನೋಡಿ. ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಕಥನ ಬಂತು (ನಮ್ಮ ಉರ್ದುವಿನಲ್ಲಿ ಇದಕ್ಕೆ ಸಫರ್‌ನಾಮಾ ಎನ್ನುತ್ತಾರೆ). 1940ರಲ್ಲಿ ‘ಸಮುದ್ರ ಗೀತೆಗಳು’ ಬಂತು. ಪ್ರಾಸ, ಮಾತ್ರೆಗಳ ಲೆಕ್ಕ ಬಿಟ್ಟ ಮುಕ್ತಛಂದ ಕನ್ನಡದಲ್ಲಿ ನೆಲೆಯೂರಲು ಈ ಪುಸ್ತಕ ದೊಡ್ಡ ಕಾರಣ. ಹಿಡಕಲ್ ಡ್ಯಾಮಿನ ಹಿನ್ನೀರಿಗಿಂತ ದೊಡ್ಡ ನೀರು ನಾನು ಕಂಡಿಲ್ಲ. ಆದರೂ ತೆರೆಗೆ ತಾಳ ಹಾಕಿ ಎಣಿಸಲು ಆಗುವುದಿಲ್ಲ ಎಂಬುದು ಅರ್ಥವಾಗುತ್ತದೆ.

ಮೂರನೆಯದು ಕಾದಂಬರಿ, ‘ಸಮರಸವೇ ಜೀವನ’. ಬಹಳ ವರ್ಷ ಹಿಡಿದು ಬರೆದ ದೊಡ್ಡ ಕೃತಿ. ನಾಯಕನ ಹೆಸರು ನರಹರಿ. ಗಂಡು ಹೆಣ್ಣಿನ ನಡುವಿನ ಪ್ರೀತಿ, ಮದುವೆ, ಹೊಂದಾಣಿಕೆಗಳೇ ಅದರ ಚಿಂತೆ. ಭಾಗಗಳ ಹೆಸರು ನೋಡಿದರೇ ಕಥೆಯ ದಾರಿ ಸ್ವಲ್ಪ ತಿಳಿಯುತ್ತದೆ: ಇಜ್ಜೋಡು, ಏರಿಳಿತ, ಸಮುದ್ರಯಾನ, ನಿರ್ವಹಣ. ಇಜ್ಜೋಡು ಎಂದರೆ ಹೊಂದಿಕೆಯಾಗದ ಜೋಡಿ. ಅಲ್ಲಿಂದ ಸಮರಸಕ್ಕೆ ಹೋಗುವ ದಾರಿಯಲ್ಲಿ ಸಮುದ್ರ ಅಡ್ಡ ಬರುತ್ತದೆ.

ನಮ್ಮ ಸಿನಿಮಾಗಳಲ್ಲೂ ಪ್ರೀತಿ ಮಾಡಲು ಯುರೋಪಿಗೆ ಹೋಗುತ್ತಾರೆ. ಸ್ವಿಟ್ಜರ್ಲೆಂಡಿನ ಹಿಮದಲ್ಲಿ ಐದು ನಿಮಿಷದ ಹಾಡು, ಹಾಡು ಮುಗಿದರೆ ಊರೂ ಮುಗಿಯಿತು. ಅಲ್ಲಿ ಯುರೋಪು ಬರೀ ಪರದೆ. ಹಡಗಿನ ಕಾಲ ಹಾಗಿರಲಿಲ್ಲ. ಮನೆಗೆ ಬರೆದ ಕಾಗದಕ್ಕೆ ಉತ್ತರ ಬರಲು ವಾರಗಳು ಬೇಕು. ಜಾತಿ, ಮನೆತನ, ನೆಂಟರು ಎಲ್ಲ ದಂಡೆಯಲ್ಲಿ ಉಳಿದಿರುತ್ತಾರೆ. ಆಗ ಮನುಷ್ಯ ತನಗೆ ನಿಜವಾಗಿ ಯಾರು ಬೇಕು ಎಂದು ತಾನೇ ಕೇಳಿಕೊಳ್ಳಬೇಕಾಗುತ್ತದೆ. ಪ್ರೇಮಕಥೆಗೆ ಇಂಥ ದೂರ ಬೇಕು ಎಂದು ನನಗೆ ಅನಿಸುತ್ತದೆ. ಮೊಬೈಲ್ ಇರುವ ನಮಗೆ ಅದು ಸಿಗುವುದು ಕಷ್ಟ. ಈ ಕಾದಂಬರಿಯ ಕಥೆಯನ್ನು ಗೋಕಾಕರೇ ಮುಂದೆ ಇಂಗ್ಲಿಷಿನಲ್ಲಿ ‘ನರಹರಿ’ ಎಂಬ ಹೆಸರಿನಿಂದ ತಂದರು. ಇಂಗ್ಲಿಷ್ ಬಿಟ್ಟು ಬಂದವರು ಕನ್ನಡದ ಗಂಟು ಕಟ್ಟಿಕೊಂಡು ಅಲ್ಲಿಗೆ ಹೋದರು.

ಉಳಿದ ಹುದ್ದೆ, ಪ್ರಶಸ್ತಿಗಳು ಸಾಮಾನ್ಯ ಜ್ಞಾನದ ಪುಸ್ತಕದಲ್ಲೇ ಇವೆ. 1958ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು, 1960ರಲ್ಲಿ ‘ದ್ಯಾವಾಪೃಥಿವೀ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ.

1980ರಲ್ಲಿ ಸರ್ಕಾರ ಅವರ ಅಧ್ಯಕ್ಷತೆಯಲ್ಲಿ ಭಾಷಾ ಸಮಿತಿ ಮಾಡಿತು. 1981ರಲ್ಲಿ ಬಂದ ವರದಿ ಹೈಸ್ಕೂಲಿನಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕು ಎಂದಿತು. ಅದರ ಜಾರಿಗಾಗಿ ಡಾ. ರಾಜಕುಮಾರ್ ಬೀದಿಗಿಳಿದರು. ಉರ್ದು, ಮರಾಠಿ, ತಮಿಳು ಮಾತಾಡುವವರಲ್ಲಿ ಅನೇಕರು ವಿರೋಧಿಸಿದರು. ನಮ್ಮ ಮನೆಯ ಹಿರಿಯರು ಈಗಲೂ ಈ ಮಾತು ಬಂದರೆ ಎರಡು ಪಕ್ಷವಾಗುತ್ತಾರೆ. ಕನ್ನಡ ಎಲ್ಲರೂ ಕಲಿಯಲಿ ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಬೇಂದ್ರೆಯವರು ಗೋಕಾಕರನ್ನು ಕನ್ನಡಕ್ಕೆ ಕರೆತಂದದ್ದು ಸ್ನೇಹದಿಂದ, ಅಂಕಗಳಿಂದಲ್ಲ. ಆ ದಾರಿಯೇ ನನಗೆ ಹೆಚ್ಚು ಇಷ್ಟ.

‘ಭಾರತ ಸಿಂಧುರಶ್ಮಿ’ ಮಹಾಕಾವ್ಯ ಬರೆದ ಗೋಕಾಕರಿಗೆ 1990ರ ಜ್ಞಾನಪೀಠ ಪ್ರಶಸ್ತಿ ಸಂದಿತು. 1992ರ ಏಪ್ರಿಲ್ 28ರಂದು ಅವರು ತೀರಿಕೊಂಡರು.