ಇಬ್ಬರೇ ಮಾರುವವರಿದ್ದರೆ ದರವೆಷ್ಟು? ಲೆಕ್ಕ ಹಾಕಿದ ಕೂರ್ನೋ

ಒಂದು ಸರಕನ್ನು ಮಾರುವವರು ಇಬ್ಬರೇ ಇದ್ದರೆ ದರ ಎಲ್ಲಿ ನಿಲ್ಲುತ್ತದೆ? ಇದಕ್ಕೆ ಗಣಿತದಿಂದ ಉತ್ತರ ಹುಡುಕಿದವರು ಫ್ರಾನ್ಸಿನ ಆಂತ್ವಾನ್ ಅಗಸ್ತೀನ್ ಕೂರ್ನೋ.

1801ರಲ್ಲಿ ಗ್ರೇ ಎಂಬ ಊರಿನಲ್ಲಿ ಹುಟ್ಟಿದ ಅವರು ಲಿಯಾನ್ ನಗರದಲ್ಲಿ ಗಣಿತದ ಪ್ರಾಧ್ಯಾಪಕರಾದರು. 1838ರ ತಮ್ಮ ಪುಸ್ತಕದಲ್ಲಿ ಖನಿಜ ನೀರಿನ ಬುಗ್ಗೆಗಳ ಉದಾಹರಣೆ ಕೊಟ್ಟರು. ಈ ನೀರಿಗೆ ಉತ್ಪಾದನೆಯ ಖರ್ಚಿಲ್ಲ. ಪುಕ್ಕಟೆಯಾದರೆ 120 ಕೊಡ ಖರ್ಚಾಗುತ್ತದೆ, ದರ ಏರಿದಂತೆ ಬೇಡಿಕೆ ಒಂದೇ ಸಮನೆ ಇಳಿಯುತ್ತದೆ ಎನ್ನೋಣ. ಮಾಲೀಕ ಒಬ್ಬನೇ ಆದರೆ 60 ಕೊಡ ಮಾತ್ರ ಮಾರಿ ಹೆಚ್ಚು ದರ ಪಡೆಯುತ್ತಾನೆ. ಇಬ್ಬರಾದರೆ, ಒಬ್ಬರ ಮಾರಾಟ ನೋಡಿ ಇನ್ನೊಬ್ಬರು ಹೊಂದಿಸಿಕೊಳ್ಳುತ್ತಾ ತಲಾ 40ಕ್ಕೆ ನಿಲ್ಲುತ್ತಾರೆ. ಒಟ್ಟು 80 ಕೊಡ. ದರ ಮೂರರಲ್ಲೊಂದು ಪಾಲು ಇಳಿಯುತ್ತದೆ. ಮಾರುವವರು ಹೆಚ್ಚಿದಷ್ಟೂ ದರ ಇನ್ನೂ ಇಳಿಯುತ್ತದೆ. ಇಬ್ಬರೂ ಕೂಡಿಕೊಂಡರೆ ಮತ್ತೆ 60 ಕೊಡ, ಹಳೆಯ ದರ!

ಆ ಪುಸ್ತಕವನ್ನು ಆಗ ಹೆಚ್ಚಿನವರು ಗಮನಿಸಲಿಲ್ಲ. ಕೂರ್ನೋ ಅವರ ದೃಷ್ಟಿಯೂ ಕುಂದುತ್ತಾ ಬಂತು. 1863ರಲ್ಲಿ ಸೂತ್ರಗಳನ್ನು ಬಿಟ್ಟು, ಸಾಮಾನ್ಯ ಓದುಗರಿಗಾಗಿ ವಿಷಯವನ್ನು ಮತ್ತೆ ಬರೆದರು. 1877ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಇಂದು ಅವರ ಲೆಕ್ಕ ಅರ್ಥಶಾಸ್ತ್ರದ ಪಾಠಪುಸ್ತಕಗಳಲ್ಲಿದೆ.

ರೈತ ಬಾಂಧವರೇ, ಕೊಳ್ಳಲು ಹೋದಾಗ ಅಂಗಡಿಗಳನ್ನು ಎಣಿಸಿದರೆ ಸಾಲದು. ಅವು ಬೇರೆ ಬೇರೆಯಾಗಿ ದರ ಹೇಳುತ್ತಿವೆಯೇ ಎಂಬುದನ್ನೂ ವಿಚಾರಿಸಿ.