ಮಕ್ಕಳೊಡನೆ ಹಾಡಿದ ಗುರು: ಪಂಜೆ ಮಂಗೇಶರಾಯರು

ನಮ್ಮ ಹಳೆಯ ವಿದ್ಯಾರ್ಥಿನಿಯರೊಳಗೆ ಬಾಲ್ಯದ ಪಾಠಗಳನ್ನು ಮರೆತವರು ಅನೇಕರಿರಬಹುದು. ಆದರೆ ಕೈಯನ್ನು ಹೆಡೆಯಂತೆ ಆಡಿಸುತ್ತ ಹಾಡಿದ ಹಾವಿನ ಹಾಡನ್ನು ಮರೆತವರು ವಿರಳ. ಆ ಹಾಡನ್ನು ರಚಿಸಿದ ಮಹನೀಯರ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಸಂಕ್ಷೇಪವಾಗಿ ನಿರೂಪಿಸುವುದು ಉಚಿತವೆಂದು ಭಾವಿಸುತ್ತೇನೆ.

ಪಂಜೆ ಮಂಗೇಶರಾಯರು 1874ರಲ್ಲಿ ದಕ್ಷಿಣ ಕನ್ನಡದ ಬಂಟವಾಳದಲ್ಲಿ ಜನಿಸಿದರು. ಇವರ ಮನೆಮಾತು ಕೊಂಕಣಿ, ನೆರೆಹೊರೆಯ ಮಾತು ತುಳು. ಕನ್ನಡವಾದರೋ ಓದುಬರಹದ ಭಾಷೆ. ಬಡತನದಲ್ಲಿಯೇ ವ್ಯಾಸಂಗವನ್ನು ಮುಗಿಸಿ ಮಂಗಳೂರಿನಲ್ಲಿ ಉಪಾಧ್ಯಾಯರಾದರು. ಮುಂದೆ ರಾಷ್ಟ್ರಕವಿಯೆನಿಸಿದ ಗೋವಿಂದ ಪೈಗಳು ಇವರ ಶಿಷ್ಯರು. ಅನಂತರ ರಾಯರು ಪಾಠಶಾಲೆಗಳ ಪರಿವೀಕ್ಷಕರಾಗಿ ಜಿಲ್ಲೆಯ ಹಳ್ಳಿಗಳನ್ನು ಸುತ್ತಿದರು.

ಪರಿವೀಕ್ಷಕರ ಆಗಮನವೆಂದರೆ ಮಕ್ಕಳಷ್ಟೇ ಅಲ್ಲದೆ ಉಪಾಧ್ಯಾಯರೂ ನಡುಗುತ್ತಿದ್ದ ಕಾಲವದು. ರಾಯರಾದರೋ ಮಕ್ಕಳ ನಡುವೆ ನಿಂತು, ಅಭಿನಯಿಸುತ್ತ ಹಾಡಿ, ಅವರನ್ನೂ ಹಾಡಿಸುತ್ತಿದ್ದರೆಂದು ಬಲ್ಲವರು ಹೇಳುತ್ತಾರೆ. ಎಳೆಯರ ಬಾಯಿಗೆ ಹೊಂದುವ ಕನ್ನಡ ಹಾಡುಗಳು ಆಗ ಬಹು ಕಡಿಮೆ. ಹಳೆಗನ್ನಡದ ಪದ್ಯಗಳನ್ನು ಅರ್ಥವರಿಯದೆ ಕಂಠಪಾಠ ಮಾಡುವುದೇ ರೂಢಿಯಾಗಿತ್ತು. ಈ ಕೊರತೆಯನ್ನು ನೀಗಿಸಲು ರಾಯರು ತಾವೇ ಹಾಡುಗಳನ್ನು ಬರೆದರು. ಶಾಲೆಗಳಿಗಾಗಿ ಇವರು ಸಂಪಾದಿಸಿದ ಕನ್ನಡ ಪದ್ಯಪುಸ್ತಕವನ್ನು ಮಂಗಳೂರಿನ ಬಾಸೆಲ್ ಮಿಶನ್ನಿನವರು ಪ್ರಕಟಿಸಿದರು. ಮಕ್ಕಳ ಪುಸ್ತಕಗಳಿಗಾಗಿ ಬಾಲಸಾಹಿತ್ಯ ಮಂಡಲವೂ ಇವರ ಪ್ರಯತ್ನದಿಂದ ಹುಟ್ಟಿತು. ಮಡಿಕೇರಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದಾಗ ಬರೆದ ಹುತ್ತರಿ ಹಾಡು ಕೊಡಗಿನವರಿಗೆ ಪ್ರಿಯವಾಯಿತು. ಇಷ್ಟಾದರೂ ಇವರು ಇಟ್ಟುಕೊಂಡ ಹೆಸರು ಕವಿಶಿಷ್ಯನೆಂದು!

ಹಾವಿನ ಹಾಡಿನ ಕಟ್ಟಡವನ್ನು ಉಪಾಧ್ಯಾಯಿನಿಯರು ಗಮನಿಸತಕ್ಕದ್ದು. ಸಾಲುಗಳು ಗಿಡ್ಡವಾಗಿವೆ, ಆದುದರಿಂದ ಎಳೆಯರಿಗೆ ಉಸಿರು ಸಾಲುತ್ತದೆ. ನುಡಿಯ ಕೊನೆಯಲ್ಲಿ ಒಂದೇ ಅಕ್ಷರದ ಮಾತು ಮತ್ತೆ ಮತ್ತೆ ಬರುತ್ತದೆ. ಪೂರ್ತಿ ಹಾಡು ಬಾರದ ಮಗುವೂ ಅಲ್ಲಿ ದನಿಗೂಡಿಸಬಲ್ಲದು. ಕೈಮುಗಿಯುವುದು, ಕರೆಯುವುದು, ಹೊರಗೆ ಕಳುಹಿಸುವುದು ಇವೆಲ್ಲಕ್ಕೂ ಅಭಿನಯವುಂಟು. ಅರ್ಥವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ಮೊದಲು ಉಪಾಧ್ಯಾಯಿನಿಯು ಹಾಡನ್ನು ಪೂರ್ಣವಾಗಿ ಹಾಡಿ ಕೇಳಿಸಬೇಕು; ಬಳಿಕ ಸಾಲುಸಾಲಾಗಿ ತಾನು ಹಾಡಿ ಮಕ್ಕಳಿಂದ ಹಾಡಿಸಬೇಕು; ಚಪ್ಪಾಳೆಯಿಂದ ತಾಳ ಹಿಡಿಸಬೇಕು; ಮಕ್ಕಳು ಕೂಗದಂತೆ ತನ್ನ ದನಿಯನ್ನೇ ಮೆಲ್ಲಗಿರಿಸಬೇಕು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ವೃತ್ತಿಯ ಮೊದಲ ವರ್ಷಗಳಲ್ಲಿ, ವಾರ್ಷಿಕೋತ್ಸವದ ಮುನ್ನಾದಿನ, ಶ್ರುತಿ ತಪ್ಪುತ್ತಿದ್ದ ಒಬ್ಬ ಚಿಕ್ಕ ಹುಡುಗಿಗೆ ದನಿಯೆತ್ತದೆ ತುಟಿಯನ್ನು ಮಾತ್ರ ಆಡಿಸೆಂದು ಆಜ್ಞಾಪಿಸಿದೆನು. ಮನೆಯಲ್ಲಿ ಲಂಬಾಣಿಯನ್ನಾಡುತ್ತಿದ್ದ ಆ ಮಗು ತರಗತಿಯಲ್ಲಿ ಕನ್ನಡದ ಮಾತೆತ್ತುತ್ತಿದ್ದುದು ಹಾಡಿನ ಹೊತ್ತಿನಲ್ಲಿ ಮಾತ್ರವೇ. ಉತ್ಸವವು ಸುಂದರವಾಗಿ ನೆರವೇರಿತು, ಸಭಿಕರು ಮೆಚ್ಚಿದರು. ಆದರೆ ಅಂದಿನಿಂದ ಆ ಮಗು ಹಾಡಿನ ಹೊತ್ತಿನಲ್ಲಿಯೂ ಬಾಯಿ ತೆರೆಯಲಿಲ್ಲ. ಕನ್ನಡವು ಮನೆಮಾತಾಗಿರದ ಪಂಜೆಯವರು, ಹಿಂದುಳಿದ ಮಗುವಿಗೂ ಎಡೆಯಿರುವಂತೆ ಹಾಡು ಕಟ್ಟಿದುದನ್ನು ನೆನೆದಾಗಲೆಲ್ಲ ನನಗೆ ಆ ಮುಖವು ಕಣ್ಣಮುಂದೆ ಬರುತ್ತದೆ.

ನಮ್ಮ ಸೀಮೆಗೂ ಪಂಜೆಯವರಿಗೂ ಒಂದು ಸಂಬಂಧವುಂಟು. 1934ರಲ್ಲಿ ರಾಯಚೂರಿನಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಇವರೇ ಅಧ್ಯಕ್ಷರು. ಆಗ ರಾಯಚೂರೂ ನಮ್ಮ ಅಂದೋಲಾ, ಜೇವರ್ಗಿ, ಆಳಂದಗಳೂ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಸರಕಾರಿ ಪ್ರೌಢಶಾಲೆಗಳಲ್ಲಿ ಉರ್ದುವೇ ಬೋಧನೆಯ ಭಾಷೆಯಾಗಿತ್ತು. ಕನ್ನಡವು ಅಂಗಳದಲ್ಲಿ ನಿಂತಿದ್ದ ಅಂಥ ಕಾಲದಲ್ಲಿ ಮಕ್ಕಳ ಕವಿಯೊಬ್ಬರು ಈ ನಾಡಿಗೆ ಬಂದು ಅಧ್ಯಕ್ಷಪೀಠವನ್ನಲಂಕರಿಸಿದುದು ಅಲ್ಪ ಸಂಗತಿಯಲ್ಲ. ಮೂರು ವರ್ಷಗಳ ತರುವಾಯ, 1937ರಲ್ಲಿ, ಅವರು ಕಾಲವಾದರು.

ಪ್ರಿಯ ಪಾಲಕರೇ, ನಿಮ್ಮ ಮಗಳು ಹಾಡುತ್ತ ಮನೆಗೆ ಬಂದರೆ ಆ ದಿನ ಪಾಠವಾಗಲಿಲ್ಲವೆಂದು ತಿಳಿಯಬೇಡಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಇಂದು ತಾಯಂದಿರು, ಕೆಲವರು ಉಪಾಧ್ಯಾಯಿನಿಯರು. ದೇವರು ಕೊಟ್ಟ ದನಿಯು ಒರಟಾಗಿದ್ದರೂ ಅದು ದೇವರು ಕೊಟ್ಟದ್ದೇ. ಮಕ್ಕಳ ಗುಂಪಿನಲ್ಲಿ ಯಾವ ಬಾಯನ್ನೂ ಮುಚ್ಚಿಸಬೇಡಿರಿ. ಪಂಜೆಯವರ ಸ್ಮರಣೆಗೆ ನಾವು ಸಲ್ಲಿಸಬಹುದಾದ ಗೌರವವು ಇದೇ.